ಬಾವಿಯ ಕಡೆ ತೋರಿಸಿದ ಕೈ

ನಮ್ಮ ಮನೆಯಲ್ಲಿ ಏನಾದರೂ ಕಳೆದುಹೋದರೆ ದೇವರಿಗೆ ಕಾಯಿ ತೆಗೆದಿಡುವ ಮೊದಲು ಚಿಕ್ಕಪ್ಪನನ್ನು ಹುಡುಕುತ್ತಿದ್ದರು. ಅಡಕತ್ತರಿ, ಅಪ್ಪಯ್ಯನ ಕನ್ನಡಕ, ಸೊಸೈಟಿಯ ಪಾಸ್‌ಬುಕ್ಕು, ಕರುವಿನ ಕಣ್ಣಿ. ಕಳೆದದ್ದು ಯಾವುದೆಂದು ಕೈಯಲ್ಲಿ ಮಾಡಿ ತೋರಿಸಿದರೆ ಸಾಕು. ಚಿಕ್ಕಪ್ಪ ಒಂದು ಗಳಿಗೆ ಮಾಡಿನ ಕಡೆ ಕಣ್ಣು ತಿರುಗಿಸಿ ನಿಲ್ಲುತ್ತಿದ್ದ, ಆಮೇಲೆ ನೆಟ್ಟಗೆ ನಡೆದುಹೋಗಿ ತಂದುಕೊಡುತ್ತಿದ್ದ. ಅವನು ಇಟ್ಟದ್ದಲ್ಲ, ಹುಡುಕಿದ್ದೂ ಅಲ್ಲ. ಮೂರು ದಿನದ ಹಿಂದೆ ಆ ದಾರಿಯಲ್ಲಿ ಹೋಗುವಾಗ ಕಣ್ಣಿಗೆ ಬಿದ್ದಿತ್ತು, ಅಷ್ಟೆ.

"ಅವಂಗೆ ಕಿವಿ ಕೇಳ್ತಿಲ್ಲೆ. ಆದ್ರೆ ಕಣ್ಣು ನೋಡು, ಒಂದ್ಸಲ ಕಂಡಿದ್ದು ಮರೀತ್ನಿಲ್ಲೆ" ಎಂದು ಅಜ್ಜಿ ಬಂದ ನೆಂಟರಿಗೆಲ್ಲ ಹೇಳುತ್ತಿದ್ದಳು. "ದೇವ್ರು ಒಂದು ತಗಂಡ್ರೆ ಇನ್ನೊಂದು ಕೊಡ್ತ." ಈ ಮಾತು ಕೇಳಿಕೊಂಡೇ ನಾನು ಬೆಳೆದೆ. ಮೂವತ್ತು ವರ್ಷ ಅದನ್ನು ನಂಬಿದ್ದೆ ಕೂಡ. ಆ ನಂಬಿಕೆ ಹೇಗೆ ಸಡಿಲವಾಯಿತು, ಅದರ ಅಡಿಯಲ್ಲಿ ಏನು ಮುಚ್ಚಿಹೋಗಿತ್ತು ಎನ್ನುವುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ನಮ್ಮದು ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಕೆಳಗೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಮನೆ. ಚಿಕ್ಕಪ್ಪ ಹುಟ್ಟಿದ್ದು 1950ರ ಸುಮಾರಿಗೆ, ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಊರವರ ಬಾಯಲ್ಲಿ ಅವನು ಮೂಗ. ಮನೆಯಲ್ಲಿ ಮಾತ್ರ ಕೊನೆಯವರೆಗೂ ಮಾಣಿ. ಅವನನ್ನು ಕರೆಯಬೇಕೆಂದರೆ ಅಟ್ಟದ ಮೇಲಾದರೆ ಹಲಗೆಯನ್ನು ಕಾಲಿನಿಂದ ಕುಟ್ಟಬೇಕು, ತೋಟದಲ್ಲಾದರೆ ಪಂಚೆ ಬೀಸಬೇಕು. ಸಗಣಿ ಸಾರಿಸಿದ ನೆಲದಲ್ಲಿ ಕುಟ್ಟಿ ಪ್ರಯೋಜನವಿಲ್ಲ, ಮಣ್ಣು ಪೆಟ್ಟನ್ನು ನುಂಗಿಬಿಡುತ್ತದೆ. ಇಂಥವೆಲ್ಲ ನಮಗೆ ಮಕ್ಕಳಿಗೆ ನಡೆಯಲು ಕಲಿತಷ್ಟೇ ಸಹಜವಾಗಿ ಗೊತ್ತಿದ್ದವು.

ಅವನ ಕೈಯಲ್ಲಿ ನಮಗೆಲ್ಲ ಹೆಸರಿತ್ತು. ಅಪ್ಪಯ್ಯ ಎಂದರೆ ಎರಡು ಬೆರಳಿನ ಉಂಗುರ ಕಣ್ಣಿಗೆ, ಕನ್ನಡಕ. ಆಯಿ, ಅಂದರೆ ಅಮ್ಮ, ಗದ್ದದ ಮಚ್ಚೆಯ ಜಾಗ. ಅಜ್ಜಿ ಎಂದರೆ ತಲೆಯ ಮೇಲೆ ಸೆರಗು ಎಳೆದುಕೊಂಡ ಹಾಗೆ. ಅಜ್ಜ ತೀರಿಕೊಂಡ ಮೇಲೆ ಅವಳು ತಲೆ ಬೋಳಿಸಿ ಕೆಂಪು ಸೀರೆಯುಟ್ಟ ಕಾಲದವಳು. ನಾನು ಎಡ ಹುಬ್ಬು, ಹೊಸ್ತಿಲ ಮೇಲೆ ಬಿದ್ದು ಗಾಯವಾಗಿ ಅಲ್ಲಿ ಇವತ್ತಿಗೂ ಕೂದಲಿಲ್ಲ. ಪೇಟೆ ಎಂದರೆ ಬಸ್ಸಿನ ಸ್ಟೇರಿಂಗು. ಮಾರಿ ಜಾತ್ರೆ ಎಂದರೆ ಎರಡೂ ಕೈಯಲ್ಲಿ ತೇರಿನ ಹಗ್ಗ ಜಗ್ಗುವುದು.

ವರ್ಷಗಳನ್ನು ಅವನು ಹೇಳುತ್ತಿದ್ದ ರೀತಿ ನನಗೆ ಈಗಲೂ ಮೈ ಜುಮ್ಮೆನಿಸುತ್ತದೆ. ತೋಟಕ್ಕೆ ಕೊಳೆರೋಗ ಜೋರಾಗಿ ಬಂದ ವರ್ಷ ಯಾವುದು ಎಂದರೆ ಅಪ್ಪಯ್ಯ ಲೆಕ್ಕದ ಪುಸ್ತಕ ತೆಗೆಯಬೇಕಿತ್ತು. ಚಿಕ್ಕಪ್ಪ ತನ್ನ ಎಡ ಹುಬ್ಬು ಮುಟ್ಟಿ, ಅಂಗೈಯನ್ನು ನೆಲಕ್ಕೆ ಸಮನಾಗಿ ಒಂದು ಎತ್ತರದಲ್ಲಿ ಹಿಡಿಯುತ್ತಿದ್ದ. ನಾನು ಇಷ್ಟುದ್ದ ಇದ್ದಾಗ. ಬೂದು ದನ ಸತ್ತದ್ದು ಯಾವಾಗ? ಹುಬ್ಬು, ಅಂಗೈ, ಇನ್ನೂ ನಾಲ್ಕು ಬೆರಳು ಕೆಳಗೆ. ನಾನು ಹುಟ್ಟುವ ಮುಂಚಿನದಕ್ಕೆ ಅಣ್ಣನ ಎತ್ತರ, ಅದಕ್ಕೂ ಹಿಂದಿನದಕ್ಕೆ ಎದೆ ಮುಟ್ಟಿಕೊಂಡು ತನ್ನದೇ ಎತ್ತರ. ಮಕ್ಕಳು ಬೆಳೆದದ್ದೇ ಅವನ ಪಂಚಾಂಗ. ಒಮ್ಮೆ ಅಪ್ಪಯ್ಯ ಪುಸ್ತಕ ತೆಗೆದು ತಾಳೆ ನೋಡಿದ್ದ, ಎರಡೂ ಕೂಡಿಬಂದಿತ್ತು.

ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬಿಡ್ಕಿ ಬೈಲಿನಲ್ಲಿ ಈ ಸಲ ಬಳೆ ಅಂಗಡಿ ಎಲ್ಲಿತ್ತು, ಹಿಂದಿನ ಸಲ ಎಲ್ಲಿತ್ತು, ತೊಟ್ಟಿಲು ಯಾವ ಮೂಲೆಯಿಂದ ಯಾವ ಮೂಲೆಗೆ ಹೋಯಿತು ಎನ್ನುವುದನ್ನು ಜಗಲಿಯ ಮೇಲೆ ಅಡಿಕೆ ಇಟ್ಟು ತೋರಿಸುತ್ತಿದ್ದ. ಬಯಲಾಟ ನೋಡಿಬಂದ ಮಾರನೇ ದಿನ ಅಂಗಳದಲ್ಲಿ ವೇಷಗಳು ಒಂದಾದ ಮೇಲೊಂದು ಬರುತ್ತಿದ್ದವು: ಕೇದಗೆ ಮುಂದಲೆಯವನ ನಡಿಗೆ, ಬಣ್ಣದ ವೇಷದವನ ಹುಬ್ಬು, ಭಾಗವತರು ಜಾಗಟೆಯನ್ನು ಮೊಣಕಾಲಿಗೆ ಒರಗಿಸಿಕೊಳ್ಳುವುದು. ಚೆಂಡೆಯ ಸದ್ದು ಅವನಿಗೆ ಹೊಟ್ಟೆಯಲ್ಲಿ ಗೊತ್ತಾಗುತ್ತಿತ್ತು, ಹೊಟ್ಟೆ ಮುಟ್ಟಿ ತೋರಿಸುತ್ತಿದ್ದ. ಪ್ರಸಂಗ ಯಾವುದು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ನಾವು ಹೇಳಿರಲೂ ಇಲ್ಲ, ಹೇಳುವುದು ಹೇಗೆಂದು ನಮಗೇ ತಿಳಿದಿರಲಿಲ್ಲ. ಯಾರು ಯಾರ ಮಗ, ಯಾಕೆ ಯುದ್ಧ, ಯಾಕೆ ಅಳು, ಒಂದೂ ಇಲ್ಲದೆ ಇಡೀ ರಾತ್ರಿಯ ಆಟ ಅವನ ತಲೆಯಲ್ಲಿತ್ತು.

ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಕೆಲಸದ ಮೇಲೆ ವರ್ಗವಾಗಿ ನಾನು ಕಾರವಾರಕ್ಕೆ ಬಂದಾಗ ಚಿಕ್ಕಪ್ಪ ತೀರಿಕೊಂಡು ಆರೇಳು ವರ್ಷವಾಗಿತ್ತು. ಕೋಡಿಬಾಗದಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವ ಅಕ್ಕ ಒಬ್ಬಳಿದ್ದಳು, ಅವಳಿಗೂ ಗಂಡನಿಗೂ ಕಿವಿ ಕೇಳುವುದಿಲ್ಲ. ಅವಳ ಕೈಹೆಸರು ಕೆನ್ನೆಯ ಗುಳಿ, ತೋರುಬೆರಳಿನಿಂದ ಎರಡು ಸಲ ಮುಟ್ಟುವುದು. ಬರೆದು ಹೇಳುವ ಹೆಸರು ಇಲ್ಲಿ ಬೇಡ. ಮೊದಲ ದಿನ ನಾನು ಚಿಕ್ಕಪ್ಪನ ಜೊತೆ ಮಾಡುತ್ತಿದ್ದ ಹಾಗೆ ಕೈ ಆಡಿಸಿದೆ. ಅವಳು ಬಹಳ ಸಮಾಧಾನದಿಂದ ನೋಡಿದಳು, ಅರ್ಥ ಮಾಡಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ ಏನೋ ಹೇಳಿದಳು. ಅದನ್ನು ನೋಡಿ ನಾನು ದಂಗಾದೆ. ನಾನು ಕೈಯಲ್ಲಿ ತೋರಿಸುತ್ತಿದ್ದೆ. ಅವರು ಕೈಯಲ್ಲಿ ಮಾತಾಡುತ್ತಿದ್ದರು.

ಎರಡಕ್ಕೂ ಇರುವ ದೂರವನ್ನು ದಾಟಲು ನನಗೆ ವರ್ಷಗಳೇ ಹಿಡಿದವು, ಇನ್ನೂ ಪೂರ್ತಿ ದಾಟಿಲ್ಲ. ಭಾರತೀಯ ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. 'ಯಾರು', 'ಎಲ್ಲಿ' ಎಂಬ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬು ಮೇಲೇರುತ್ತದೆ. ಕೈ ಅದೇ, ಹುಬ್ಬು ಏರದಿದ್ದರೆ ಅದು ಪ್ರಶ್ನೆಯಲ್ಲ, ಹೇಳಿಕೆ. ಹೆಣ್ಣು ಎಂದರೆ ಮೂಗುತಿಯ ಜಾಗ, ಗಂಡು ಎಂದರೆ ಮೀಸೆ. ಸನ್ನೆಗಳೂ ಮಾತಿನ ಪದಗಳ ಹಾಗೆ ಸಣ್ಣ ಸಣ್ಣ ಭಾಗಗಳಿಂದ ಕಟ್ಟಿದವು, ಬೆರಳಿನ ಆಕಾರ, ಮೈಮೇಲಿನ ಜಾಗ, ಚಲನೆ, ಎಂದು ಅಮೆರಿಕದ ವಿಲಿಯಂ ಸ್ಟೋಕೋ 1960ರಲ್ಲಿ ತೋರಿಸಿಕೊಟ್ಟ. ಅಲ್ಲಿಯವರೆಗೆ ವಿದ್ವಾಂಸರೂ ಇದನ್ನು ಹಾವಭಾವ ಎಂದೇ ತಿಳಿದಿದ್ದರು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಣದ ಬಗ್ಗೆ ಸಭೆ ಸೇರಿದವರು ತರಗತಿಯಲ್ಲಿ ಸನ್ನೆ ಬೇಡ, ತುಟಿ ನೋಡಿ ಮಾತು ಕಲಿಯಲಿ ಎಂದು ನಿರ್ಣಯ ಮಾಡಿದ್ದರು. ಆ ಗಾಳಿ ಎಷ್ಟು ದೂರ ಬೀಸಿತೆಂದರೆ, ನೂರು ವರ್ಷ ಕಳೆದ ಮೇಲೆ ಅಕ್ಕ ಓದಿದ ಶಾಲೆಯಲ್ಲೂ ತರಗತಿಯೊಳಗೆ ಕೈಯೆತ್ತಿದರೆ ಬೆರಳ ಗಂಟಿನ ಮೇಲೆ ಅಡಿಪಟ್ಟಿಯ ಪೆಟ್ಟು ಬೀಳುತ್ತಿತ್ತಂತೆ. ಅವಳು ಭಾಷೆ ಕಲಿತದ್ದು ರಾತ್ರಿ, ಹಾಸ್ಟೆಲಿನ ಕಾರಿಡಾರಿನ ಒಂದೇ ಬಲ್ಬಿನ ಕೆಳಗೆ, ದೊಡ್ಡ ಹುಡುಗಿಯರ ಕೈ ನೋಡಿ.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನು ಪಾರು ಮಾಡಿದರು. ಬೆಳಿಗ್ಗೆ ನಾವಿಬ್ಬರೂ ಹೋಗಿ ಜನರ ನಡುವೆ ನಿಂತು ನೋಡಿದೆವು. ಒಂದು ವಾರದ ಮೇಲೆ ಬೇರೆ ಊರಿನಿಂದ ಬಂದ ತನ್ನ ಗೆಳತಿಗೆ ಅಕ್ಕ ಅದನ್ನು ಹೇಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಎಡಗೈಯನ್ನು ಎದೆಯ ಮುಂದೆ ಚಾಚಿದಳು, ಅದು ಹೊಸ ಸೇತುವೆ. ಬಲಗೈ ಅದಕ್ಕೆ ಸಮಾನಾಂತರ, ಹಳೆಯದು. ಆಚೆ ತುದಿಗೆ ಸದಾಶಿವಗಡದ ಗುಡ್ಡ, ಈಚೆ ತುದಿಗೆ ನಮ್ಮ ಕೋಡಿಬಾಗ, ಅವಳ ಎಡಕ್ಕೆ ಸಮುದ್ರ. ಬಲಗೈ ಮುರಿದು ಬಿತ್ತು. ತಕ್ಷಣ ಅದೇ ಕೈ ಲಾರಿಯಾಯಿತು, ಮೂತಿ ಕೆಳಗಾಗಿ ಜಾರಿತು. ಅಷ್ಟು ಹೊತ್ತೂ ಎಡಗೈ ಅಲುಗಲಿಲ್ಲ, ಹೊಸ ಸೇತುವೆ ಗಾಳಿಯಲ್ಲಿ ಹಾಗೇ ನಿಂತಿತ್ತು. ನಂತರ ಮುಖ ಚಾಲಕನದಾಯಿತು. ಆಮೇಲೆ ದಡದಲ್ಲಿ ನಿಂತವರದಾಯಿತು.

ಎದುರಿಗೆ ಕೂತ ಗೆಳತಿಗೆ ಕೆಲಸ ಕಡಿಮೆಯೇನಲ್ಲ. ಹೇಳುವವಳ ಎಡ ನೋಡುವವಳ ಬಲ. ಅಕ್ಕನ ಎಡಗಡೆಯ ಸಮುದ್ರವನ್ನು ಸರಿಯಾದ ಜಾಗದಲ್ಲಿ ಇಡಬೇಕೆಂದರೆ ನೋಡುವವಳು ಇಡೀ ಚಿತ್ರವನ್ನು ಮನಸ್ಸಿನಲ್ಲಿ ಅರ್ಧ ಸುತ್ತು ತಿರುಗಿಸಿಕೊಳ್ಳಬೇಕು. ಸನ್ನೆ ಭಾಷೆಯವರು ದಾರಿ ಹೇಳುವಾಗ, ಮನೆಯ ಕೋಣೆಗಳನ್ನು ವಿವರಿಸುವಾಗ, ಜಗಳದ ಕತೆ ಹೇಳುವಾಗ ದಿನಕ್ಕೆ ಎಷ್ಟೋ ಸಲ ಇದನ್ನು ಮಾಡುತ್ತಾರೆ. ಮಾಡುತ್ತಿದ್ದೇವೆ ಎನ್ನುವುದೂ ಅವರ ಗಮನಕ್ಕೆ ಬರುವುದಿಲ್ಲ, ನಮಗೆ ಉಸಿರಾಟ ಗಮನಕ್ಕೆ ಬಾರದ ಹಾಗೆ. ನಾನು ಕಲಿಯುವಾಗ ತಲೆ ಸುತ್ತಿಬರುತ್ತಿತ್ತು.

ಅವತ್ತು ರಾತ್ರಿ ನಾನು ಅಕ್ಕನಿಗೆ ಅಜ್ಜಿಯ ಮಾತನ್ನೇ ಹೇಳಿದೆ. ಕಿವಿಯಿಲ್ಲದವರಿಗೆ ದೇವರು ಕಣ್ಣು ಕೊಟ್ಟಿದ್ದಾನೆ, ನನ್ನ ಚಿಕ್ಕಪ್ಪನಿಗೂ ಹಾಗೇ ಇತ್ತು, ಕಳೆದುಹೋದ ಅಡಕತ್ತರಿ, ಜಾತ್ರೆಯ ಅಂಗಡಿ, ಎಲ್ಲ ಹೇಳಿದೆ. ಅವಳು ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಕೈ ಖಾಲಿ ಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದಳು. ಅವರ ಭಾಷೆಯ ಕ್ರಮದಲ್ಲೇ ಬರೆಯುತ್ತೇನೆ: ಚಿಕ್ಕಪ್ಪ, ಮಾತು, ಜೊತೆ, ಯಾರು?

ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದ ಈಚೆಗೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದುತ್ತ ಹೋದ ಹಾಗೆ ಅಜ್ಜಿಯ ಮಾತಿನ ಅರ್ಧ ನಿಂತಿತು, ಅರ್ಧ ಕರಗಿತು.

ನಿಂತ ಅರ್ಧ ಇದು. ಹುಟ್ಟುಕಿವುಡರ ಕಣ್ಣು ನಮ್ಮದಕ್ಕಿಂತ ಹರಿತವೇನಲ್ಲ, ಕಣ್ಣಿನ ಡಾಕ್ಟರ ಬಳಿಯ ಅಕ್ಷರದ ಹಲಗೆ ಅವರೂ ನಮ್ಮಷ್ಟೇ ಓದುತ್ತಾರೆ. ಆದರೆ ನೋಟದ ಅಂಚಿನಲ್ಲಿ ಏನಾದರೂ ಸರಿದಾಡಿದರೆ ಅವರ ಗಮನ ಬೇಗ ಹೋಗುತ್ತದೆ. ಹೆಲೆನ್ ನೆವಿಲ್ 1980ರ ದಶಕದಲ್ಲೇ ಇದನ್ನು ಮಿದುಳಿನ ಅಲೆಗಳಲ್ಲಿ ಅಳೆದು ತೋರಿಸಿದಳು. ಹುಟ್ಟುಕಿವುಡ ಬೆಕ್ಕುಗಳ ಮೇಲೆ ಸ್ಟೀಫನ್ ಲೋಂಬರ್ ಮತ್ತು ಜೊತೆಗಾರರು ಮಾಡಿ 2010ರಲ್ಲಿ ಪ್ರಕಟಿಸಿದ ಕೆಲಸ ಇನ್ನೂ ಸ್ಪಷ್ಟ. ಆ ಬೆಕ್ಕುಗಳು ನೋಟದ ಅಂಚಿನಲ್ಲಿರುವುದನ್ನು ಕೇಳುವ ಬೆಕ್ಕುಗಳಿಗಿಂತ ಚೆನ್ನಾಗಿ ಗುರುತಿಸುತ್ತಿದ್ದವು. ಮಿದುಳಿನಲ್ಲಿ ಕೇಳಿಸಿಕೊಳ್ಳಲೆಂದು ಇರುವ ಭಾಗದ ಒಂದು ತುಂಡನ್ನು ಸ್ವಲ್ಪ ಹೊತ್ತು ತಂಪು ಮಾಡಿ ನಿಲ್ಲಿಸಿದರೆ ಆ ಹೆಚ್ಚುಗಾರಿಕೆ ಮಾಯ. ಕೇಳುವ ಕೆಲಸವಿಲ್ಲದೆ ಬಿದ್ದಿದ್ದ ಜಾಗವನ್ನು ಕಣ್ಣು ಗೇಣಿಗೆ ಹಿಡಿದಿತ್ತು. ಅಡಕತ್ತರಿ ಹಾದಿಬದಿಯಲ್ಲಿ ಚಿಕ್ಕಪ್ಪನ ಕಣ್ಣಿಗೆ ಬೀಳುತ್ತಿದ್ದದ್ದರಲ್ಲಿ ಇದರ ಪಾಲೂ ಇದ್ದಿರಬೇಕು.

ಕರಗಿದ ಅರ್ಧ ದೊಡ್ಡದು. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಕರೆನ್ ಎಮೊರಿ, ಉರ್ಸುಲಾ ಬೆಲ್ಲುಗಿ, ಅವರ ಜೊತೆ ಸ್ಟೀಫನ್ ಕಾಸ್ಲಿನ್, 1993ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಖಾಲಿ ಚೌಕದಲ್ಲಿ ಒಂದು ಗುರುತು. ಇಲ್ಲಿ ಇಂಥ ಅಕ್ಷರ ಬರೆದಿದ್ದರೆ ಈ ಗುರುತಿನ ಮೇಲೆ ಬರುತ್ತಿತ್ತೇ, ಮನಸ್ಸಿನಲ್ಲೇ ಬರೆದು ನೋಡಿ ಹೇಳಿ. ಇನ್ನೊಂದರಲ್ಲಿ ಎರಡು ಆಕಾರ. ಇವು ಒಂದೇ ಆಕಾರ ತಿರುಗಿದ್ದೋ, ಕನ್ನಡಿಯ ಬಿಂಬವೋ. ಸನ್ನೆ ಭಾಷೆಯವರು ಎರಡರಲ್ಲೂ ಮುಂದಿದ್ದರು. ಮುಖ್ಯವಾದದ್ದು ಮುಂದಿನದು. ಪರೀಕ್ಷೆಗೆ ಕೂತವರಲ್ಲಿ ಕಿವಿ ಚೆನ್ನಾಗಿ ಕೇಳುವವರೂ ಇದ್ದರು, ಕಿವುಡ ತಂದೆತಾಯಿಯ ಮಡಿಲಲ್ಲಿ ಕೈಭಾಷೆ ಕಲಿತು ಬೆಳೆದವರು. ಅವರೂ ಅಷ್ಟೇ ಮುಂದಿದ್ದರು. ಅಂದರೆ ಮನಸ್ಸಿನಲ್ಲಿ ಚಿತ್ರ ಕಟ್ಟುವ, ಕಟ್ಟಿದ್ದನ್ನು ತಿರುಗಿಸಿ ನೋಡುವ ಈ ಶಕ್ತಿ ಬಂದದ್ದು ಕಿವಿ ಹೋದದ್ದರಿಂದ ಅಲ್ಲ, ಕೈಯಲ್ಲಿ ಭಾಷೆ ಇದ್ದದ್ದರಿಂದ. ಅಕ್ಕನ ಸೇತುವೆಯನ್ನು ನೋಡಿದ್ದ ನನಗೆ ಇದನ್ನು ಒಪ್ಪಲು ಕಷ್ಟವಾಗಲಿಲ್ಲ. ಕಟ್ಟಿದ ಚಿತ್ರವನ್ನು ಹೆಚ್ಚು ಹೊತ್ತು ಹಿಡಿದಿಡುವುದರಲ್ಲಿ ಮಾತ್ರ ಯಾರಿಗೂ ಹೆಚ್ಚುಗಾರಿಕೆ ಕಾಣಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ನೆನಪು ಭಾಷೆಯ ಅಚ್ಚಿನಲ್ಲೇ ಕೂರುತ್ತದೆ ಎನ್ನುವುದಕ್ಕೆ ಬೆಲ್ಲುಗಿಯವರ 1970ರ ದಶಕದ ಕೆಲಸ ನನಗೆ ಬಹಳ ಇಷ್ಟ. ಪದಗಳ ಪಟ್ಟಿ ಕೊಟ್ಟು ನೆನಪಿನಿಂದ ಬರೆಯಿರಿ ಎಂದರು. ಕಿವಿ ಕೇಳುವವರು ತಪ್ಪಿದಾಗ 'ಹಾರ್ಸ್' ಇದ್ದಲ್ಲಿ 'ಹೌಸ್' ಎಂದು ಬರೆದರು, ಸದ್ದು ಹತ್ತಿರ. ಅದೇ ಪಟ್ಟಿಯನ್ನು ಸನ್ನೆಯಲ್ಲಿ ನೋಡಿದವರು 'ಹಾರ್ಸ್' ಇದ್ದಲ್ಲಿ 'ಅಂಕಲ್' ಎಂದು ಬರೆದರು. ಅಮೆರಿಕದ ಸನ್ನೆ ಭಾಷೆಯಲ್ಲಿ ಕುದುರೆ, ಚಿಕ್ಕಪ್ಪ ಎರಡೂ ಹಣೆಯ ಪಕ್ಕದಲ್ಲಿ, ಎರಡು ಬೆರಳಿನಲ್ಲಿ. ಅವರ ಮನಸ್ಸಿನಲ್ಲಿ ಉಳಿದದ್ದು ಕುದುರೆಯ ಚಿತ್ರವಲ್ಲ, ಕುದುರೆ ಎಂಬ ಸನ್ನೆ. ಚಿತ್ರ ಉಳಿದಿದ್ದರೆ ಕುದುರೆ ಕತ್ತೆಯಾಗಬಹುದಿತ್ತು, ಚಿಕ್ಕಪ್ಪನಾಗುತ್ತಿರಲಿಲ್ಲ.

ಎಲ್ಲದರಲ್ಲೂ ಅವರೇ ಮುಂದೆ ಎಂದು ತಿಳಿಯಬಾರದು. ಒಂದರ ಹಿಂದೆ ಒಂದು ಕ್ರಮವಾಗಿ ನೆನಪಿಡುವುದರಲ್ಲಿ ಕಿವಿಯ ಭಾಷೆಗೆ ಅನುಕೂಲ ಹೆಚ್ಚು. ಮಾತಿನಲ್ಲಿ ಸುಮಾರು 7 ಅಂಕಿಯೋ ಅಕ್ಷರವೋ ನಿಲ್ಲುವ ಕಡೆ ಸನ್ನೆಯಲ್ಲಿ ಸುಮಾರು 5 ನಿಲ್ಲುತ್ತವೆ ಎಂದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಫೋನ್ ನಂಬರು ತನಗೆ ನೆನಪಿರುವುದೇ ಇಲ್ಲ ಎಂದಳು. ಆದರೆ ಕೈಭಾಷೆಯಲ್ಲಿ ಬೆಳೆದ ಕಿವುಡ ಮಕ್ಕಳು ಅಂಕಿಗಳನ್ನು ಹಿಂದಿನಿಂದ ಮುಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಲೀಸಾಗಿ ಹೇಳುತ್ತಾರೆ, ಕೇಳುವ ಮಕ್ಕಳು ಹಿಮ್ಮುಖವಾಗಿ ಹೇಳಹೊರಟರೆ ತಡವರಿಸುತ್ತಾರೆ. ಸದ್ದಿನ ಸರಕ್ಕೆ ಒಂದೇ ದಿಕ್ಕು. ಜಾಗದಲ್ಲಿ ಇಟ್ಟದ್ದನ್ನು ಯಾವ ಕಡೆಯಿಂದ ಬೇಕಾದರೂ ನೋಡಬಹುದು.

ನನ್ನ ನಿದ್ದೆ ಕೆಡಿಸಿದ್ದು ನಿಕರಾಗುವಾದ ಸಂಗತಿ. 1970ರ ದಶಕದ ಕೊನೆಯಲ್ಲಿ ರಾಜಧಾನಿ ಮನಾಗುವಾದಲ್ಲಿ ಕಿವುಡ ಮಕ್ಕಳನ್ನು ಮೊದಲ ಸಲ ದೊಡ್ಡ ಸಂಖ್ಯೆಯಲ್ಲಿ ಒಂದು ಶಾಲೆಗೆ ಸೇರಿಸಿದರು. ಒಬ್ಬೊಬ್ಬರೂ ತಮ್ಮ ಮನೆಯ ಸನ್ನೆ ಹೊತ್ತು ಬಂದಿದ್ದರು, ನಮ್ಮ ಚಿಕ್ಕಪ್ಪನದರಂಥದ್ದೇ. ಕಲಿಸುತ್ತಿದ್ದದ್ದು ತುಟಿ ಓದುವುದನ್ನು. ಮಕ್ಕಳು ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ತಮ್ಮ ತಮ್ಮ ಸನ್ನೆ ಬೆರೆಸಿಕೊಂಡರು. ಹತ್ತಾರು ವರ್ಷಗಳಲ್ಲಿ ಅದು ಹೊಸ ಭಾಷೆಯೇ ಆಯಿತು, ನಂತರ ಬಂದ ಚಿಕ್ಕ ಮಕ್ಕಳು ಅದನ್ನು ಇನ್ನಷ್ಟು ಬಿಗಿಮಾಡಿದರು. ಎಡ ಬಲವನ್ನು ತಪ್ಪದೆ ಹೇಳುವ ಕ್ರಮ ಬಂದದ್ದು ಆ ಎರಡನೇ ತಂಡದವರ ಕೈಯಲ್ಲಿ. ಜೆನಿ ಪೈಯರ್ಸ್, ಆನ್ ಸೆಂಗಸ್ ಮತ್ತಿತರರು ಎರಡೂ ತಂಡದವರನ್ನು, ಅವರು ದೊಡ್ಡವರಾದ ಮೇಲೆ, ಒಂದು ಸಣ್ಣ ಕೋಣೆಗೆ ಕರೆದು, ಕಣ್ಣು ಕಟ್ಟಿ, ಸುತ್ತು ತಿರುಗಿಸಿ, ಮೂಲೆಯಲ್ಲಿ ಬಚ್ಚಿಟ್ಟದ್ದನ್ನು ಹುಡುಕಲು ಹೇಳಿದರು. ಒಂದು ಗೋಡೆಗೆ ಮಾತ್ರ ಕೆಂಪು ಬಣ್ಣ, ಅದೇ ಗುರುತು. 2010ರಲ್ಲಿ ಬಂದ ಫಲಿತಾಂಶ: ಎರಡನೇ ತಂಡದವರು ಚೆನ್ನಾಗಿ ಹುಡುಕಿದರು. ಮೊದಲ ತಂಡದವರು ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರು, ಲೋಕ ಕಂಡವರು, ಕಿವುಡುತನದಲ್ಲಿ ಸಮಾನರು. ಕಡಿಮೆ ಇದ್ದದ್ದು ಭಾಷೆಯೊಂದೇ.

ಬ್ರಿಟನ್ನಿನಲ್ಲಿ 6ರಿಂದ 11 ವರ್ಷದ ಮಕ್ಕಳನ್ನು ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ. ಹುಟ್ಟಿನಿಂದ ಸನ್ನೆ ಭಾಷೆ ಸಿಕ್ಕ ಕಿವುಡ ಮಕ್ಕಳು ನೋಟದ ನೆನಪಿನ ಪರೀಕ್ಷೆಗಳಲ್ಲಿ ಕೇಳುವ ಮಕ್ಕಳಿಗೆ ಸಮ. ತಡವಾಗಿ ಸಿಕ್ಕವರು ಹಿಂದೆ.

ಹಾಗಾದರೆ ಚಿಕ್ಕಪ್ಪ? ಅವನಿಗೆ ಯಾರ ಕೈಯೂ ಸಿಗಲಿಲ್ಲ. ಆರನೇ ವರ್ಷಕ್ಕೆ ಅಪ್ಪಯ್ಯ ಅವನನ್ನು ಹತ್ತಿರದ ಶಾಲೆಗೆ ಕರೆದುಕೊಂಡು ಹೋಗಿದ್ದನಂತೆ, ಒಂದು ವಾರಕ್ಕೆ ವಾಪಸು ಕಳಿಸಿದರು, ಕಿವಿ ಕೇಳದವನಿಗೆ ಇಲ್ಲಿ ಏನು ಕೆಲಸ ಎಂದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ, ಆಗ ಅವನು ಮರ ಹತ್ತಿ ಅಡಿಕೆ ಕೊನೆ ಇಳಿಸುವ ಹುಡುಗ. ಭಾರತೀಯ ಸನ್ನೆ ಭಾಷೆಗೆಂದು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಬಂದದ್ದು 2015ರಲ್ಲಿ. 10,000 ಪದಗಳ ನಿಘಂಟು ಅದರಿಂದ ಹೊರಬಂದದ್ದು 2021ರಲ್ಲಿ. ಅವನು ಹೋಗಿ ಹತ್ತು ವರ್ಷವಾಗಿತ್ತು. ಇದೇ ಕರ್ನಾಟಕದಲ್ಲಿ, ಗೌರಿಬಿದನೂರು ತಾಲೂಕಿನ ಅಲೀಪುರ ಎಂಬ ಊರಿನಲ್ಲಿ ತಲೆತಲಾಂತರದಿಂದ ಕಿವುಡರು ಹೆಚ್ಚು. ಅಲ್ಲಿ ಅವರದೇ ಸನ್ನೆ ಭಾಷೆ ಬೆಳೆದಿದೆ, ಕಿವಿ ಕೇಳುವ ನೆರೆಹೊರೆಯವರಿಗೂ ಅದು ಬರುತ್ತದೆ. ಅವನು ಅಲ್ಲಿ ಹುಟ್ಟಿದ್ದರೆ ಎಂದು ಎಷ್ಟು ಸಲ ಯೋಚಿಸಿದ್ದೇನೋ.

ಅವನ ಕಣ್ಣು ಸಾಧಾರಣವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹೇಳಬೇಕಾದ್ದು ನಮ್ಮ ಬಗ್ಗೆ. ಅವನ ಕಣ್ಣನ್ನು ಹೊಗಳಿ ಹೊಗಳಿ ನಾವು ಒಂದು ಸಾಲವನ್ನು ತೀರಿಸಿದೆವೆಂದು ತಿಳಿದೆವು. ದೇವರು ಕೊಟ್ಟಾಯಿತು, ಇನ್ನು ನಾವು ಕೊಡಬೇಕಾದ್ದೇನಿದೆ? ಅಂಗಳದಲ್ಲಿ ಅವನು ಕುಣಿದು ತೋರಿಸಿದಾಗ ನಾವು ನೋಡಿದೆವು, ತಿರುಗಿ ಏನನ್ನೂ ಹೇಳಲಿಲ್ಲ. ತಾರೀಕಿಲ್ಲದ, ಕಾರಣವಿಲ್ಲದ, ಹೆಸರಿಲ್ಲದ ಚಿತ್ರಗಳ ರಾಶಿಯ ನಡುವೆ ಒಬ್ಬ ಮನುಷ್ಯ ಅರವತ್ತು ವರ್ಷ ಕೂತಿದ್ದ. ಮಗುವಿನ ಎತ್ತರ ಹಿಡಿದು ವರ್ಷ ಎಣಿಸುವುದನ್ನು ಅವನೇ ಒಬ್ಬನೇ ಕಂಡುಕೊಂಡಿದ್ದ. ಮನೆಯಲ್ಲಿ ಇನ್ನೊಬ್ಬ ಕಿವುಡ ಮಗು ಇದ್ದಿದ್ದರೆ ಇಬ್ಬರೂ ಸೇರಿ ಇನ್ನೂ ಏನೇನು ಕಟ್ಟುತ್ತಿದ್ದರೋ.

ಅಜ್ಜಿ ತೀರಿಕೊಂಡ ಮೇಲೆ ಅವನು ಒಂದು ಸನ್ನೆ ಶುರುಮಾಡಿದ. ಬಲಗೈ ಮುಷ್ಟಿ ಮಾಡಿ ಎಡ ಮಣಿಕಟ್ಟಿನ ಮೇಲೆ ಎರಡು ಸಲ ಹೊಡೆಯುವುದು, ಆಮೇಲೆ ಹಿತ್ತಿಲ ಬಾವಿಯ ಕಡೆ ಬೆರಳು ಮಾಡುವುದು. ರಜೆಗೆ ಹೋದಾಗಲೆಲ್ಲ ನನಗೂ ಮಾಡಿ ತೋರಿಸುತ್ತಿದ್ದ. ನೀರು ಸೇದಿ ಸೇದಿ ಕೈ ನೋವು ಎಂದು ನಾವು ತಿಳಿದೆವು. ಆಯಿ ಎಣ್ಣೆ ಬಿಸಿಮಾಡಿ ಮಣಿಕಟ್ಟಿಗೆ ತಿಕ್ಕುತ್ತಿದ್ದಳು. ಅವನು ತಿಕ್ಕಿಸಿಕೊಂಡು ಸುಮ್ಮನಾಗುತ್ತಿದ್ದ. ಒಂದೆರಡು ತಿಂಗಳಿಗೆ ಮತ್ತೆ ಅದೇ. ಅಪ್ಪಯ್ಯ ರಾಟೆಗೆ ಹೊಸ ಹಗ್ಗ ಹಾಕಿಸಿದ. ಆಮೇಲೆ ಪಂಪನ್ನೂ ಹಾಕಿಸಿದ.

ಕಳೆದ ವರ್ಷ ಅಕ್ಕನಿಗೆ ಆ ಸನ್ನೆ ಮಾಡಿ ತೋರಿಸಿ ಏನಿರಬಹುದು ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಅದು ನಿಮ್ಮ ಮನೆಯ ಭಾಷೆ, ನಿಮ್ಮ ಮನೆಯವರಿಗೇ ಗೊತ್ತಿರಬೇಕು. ಆಮೇಲೆ ಕೇಳಿದಳು: ಅದಕ್ಕಿಂತ ಮುಂಚೆ ಏನು ಮಾಡಿದ? ಮುಖ ಹೇಗಿತ್ತು?

ನನಗೆ ಮುಖ ನೆನಪಿರಲಿಲ್ಲ. ಕೈ ನೆನಪಿತ್ತು, ಬಾವಿ ನೆನಪಿತ್ತು, ಎಣ್ಣೆಯ ವಾಸನೆ ನೆನಪಿತ್ತು. ಅವನ ಮುಖ ನಾನು ನೋಡಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಆಯಿಯ ಎದುರು ಕೂತು ಚಿಕ್ಕಪ್ಪನ ಸನ್ನೆಗಳನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿಕೊಳ್ಳಲು ಶುರುಮಾಡಿದೆ. ಆಯಿಗೆ ಈಗ ಎಪ್ಪತ್ತೆಂಟು. ಬಾಯಲ್ಲಿ ಕೇಳಿದರೆ ನೆನಪಿಲ್ಲೆ ಎನ್ನುತ್ತಾಳೆ. ಕೈ ಎತ್ತಿದರೆ ಒಂದರ ಹಿಂದೆ ಒಂದು ಬರುತ್ತವೆ. ಮಚ್ಚೆ, ಕನ್ನಡಕ, ಸ್ಟೇರಿಂಗು, ಹಗ್ಗ. ಮಣಿಕಟ್ಟಿನದು ಹೇಗೆ ಮಾಡುತ್ತಿದ್ದ ಎಂದು ಕೇಳಿದೆ.

ಅವಳು ಮೊದಲು ಎದೆ ಮುಟ್ಟಿಕೊಂಡಳು. ಅಂಗೈಯನ್ನು ಕೆಳಗೆ, ಕೂತ ಮಣೆಗಿಂತ ಒಂದೂವರೆ ಮೊಳ ಮೇಲೆ, ನೆಲಕ್ಕೆ ಸಮನಾಗಿ ಹಿಡಿದಳು. ಆಮೇಲೆ ಸೆರಗು. ಆಮೇಲೆ ಮುಷ್ಟಿ, ಮಣಿಕಟ್ಟು, ಎರಡು ಸಲ. ಆಮೇಲೆ ಬಾವಿ. ಈ ಮೊದಲಿನ ಮೂರನ್ನು ನಾನು ಮರೆತೇಬಿಟ್ಟಿದ್ದೆ.

"ಇಷ್ಟುದ್ದ ಅಂದ್ರೆ ಎಷ್ಟು ವರ್ಷಿರಕ್ಕು ಆಯಿ?" ಎಂದು ಕೇಳಿದೆ.

ಆಯಿ ತನ್ನ ಕೈಯನ್ನೇ ನೋಡಿದಳು. "ಮಾವ ಹೋದಾಗ ಇಂವ ಇಷ್ಟೇ ಇದ್ನಡ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಬಾವಿಕಟ್ಟೆ ಹತ್ರನೇ ಅತ್ತೆ ಬಳೆ ಒಡಸಿದ್ವಡ. ನಾ ಆವಾಗ ಬಂದಿರ್ಲಿಲ್ಲೆ, ಅತ್ತೆನೇ ಹೇಳಿದ್ದು."

ಹಬ್ಬದ ಕಡುಬಿನ ಪಾತ್ರೆ ಒಲೆಯ ಮೇಲಿತ್ತು. ಇನ್ನೊಮ್ಮೆ ಮಾಡು ಆಯಿ, ಅವನು ಹೇಗೆ ಮಾಡುತ್ತಿದ್ದನೋ ಹಾಗೇ ಎಂದೆ. ಅವಳು ಮಾಡಿದಳು. ಎದೆ, ಎತ್ತರ, ಸೆರಗು, ಮಣಿಕಟ್ಟು. ಬಾವಿಯ ಕಡೆ ಬೆರಳು ಮಾಡಿ ನನ್ನನ್ನು ನೋಡುವಾಗ, ಅವಳಿಗೇ ತಿಳಿಯದ ಹಾಗೆ, ಅವಳ ಎರಡೂ ಹುಬ್ಬು ಮೇಲೇರಿದವು.